ನೊಂದ ದೈವ, ನೋವು ಸೋಕದ ದೇವ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ಭರವಸೆಯ ಎರಡು ನೆಲೆಗಳು

ಕಂಗೆಟ್ಟವರು ದೇವರ ಮೊರೆಹೋಗುವುದನ್ನು ನಮ್ಮ ಭಕ್ತಿಸಾಹಿತ್ಯದ ಅಧ್ಯಯನಗಳು ಸಾಮಾನ್ಯವಾಗಿ ಶರಣಾಗತಿ ಎಂಬ ಒಂದೇ ತಲೆಬರಹದ ಕೆಳಗೆ ತಂದುಬಿಡುತ್ತವೆ. ದಕ್ಷಿಣ ಕನ್ನಡದ ಈ ಮೂರು ತಾಲ್ಲೂಕುಗಳ ಸಾಮಗ್ರಿ ಆ ಚೌಕಟ್ಟಿಗೆ ಒಗ್ಗುವುದಿಲ್ಲ. ಇಲ್ಲಿ ಭರವಸೆಗೆ ಎರಡು ನೆಲೆಗಳಿವೆ. ಎರಡೂ ಕಾರ್ಕಳದ ಭೈರರಸರ ಹೆಸರಿನೊಡನೆ ಹೆಣೆದುಕೊಂಡಿದ್ದರೂ ದೇವರ ಕಲ್ಪನೆಯಲ್ಲಿ ಮಾತ್ರ ಪೂರ್ತಿ ಬೇರೆ.

ಮೊದಲನೆಯದು ಕಲ್ಲುರ್ಟಿಯದು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡ ಅಂಥ ಇನ್ನೊಂದನ್ನು ಕಡೆಯಬಾರದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದನೆನ್ನುತ್ತದೆ ತುಳುವಿನ ಹಾಡುಕತೆಯಾದ ಪಾಡ್ದನ. ಉಳಿದ ಒಂದೇ ಕೈಯಲ್ಲಿ ಅವನು ವೇಣೂರಿನ ಗೊಮ್ಮಟನನ್ನು ಕಡೆದ. ಅಣ್ಣನ ಸ್ಥಿತಿ ಕಂಡು ತಂಗಿ ಕಲ್ಲುರ್ಟಿ ಕೆರಳಿದಳು. ಇಬ್ಬರೂ ಮಾಯಕವಾಗಿ ದೈವಗಳಾದರು, ಅರಸನನ್ನು ಕಾಡಿದರು. ಶಾಸನಗಳಂತೆ ಕಾರ್ಕಳದ ಮೂರ್ತಿ ವೀರಪಾಂಡ್ಯನ ಕಾಲದ್ದು, 1432. ವೇಣೂರಿನದು ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ್ದು. ನಡುವೆ 172 ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ. ಇಷ್ಟಕ್ಕೇ ಪಾಡ್ದನವನ್ನು ಕಟ್ಟುಕತೆಯೆಂದು ಪಕ್ಕಕ್ಕಿಡುವುದನ್ನು ನಾನು ಒಪ್ಪಲಾರೆ. ಕೈ ಹೋದರೂ ಕಸುಬು ನಿಲ್ಲಲಿಲ್ಲ, ಬದುಕಿದ್ದಾಗ ಸಿಗದ ನ್ಯಾಯವನ್ನು ಮಾಯಕವಾದ ಮೇಲೂ ಕೇಳಿ ಪಡೆಯಬಹುದು ಎಂದು ಹೇಳಬೇಕಾಗಿದ್ದ ಸಮುದಾಯ ಎರಡು ಶತಮಾನಗಳನ್ನು ಒಬ್ಬನ ಬಾಳಿಗೆ ತಂದು ಕಟ್ಟಿದೆ.

ಬಂಟ್ವಾಳ ತಾಲ್ಲೂಕಿನ ಸಜೀಪಮೂಡ ಗ್ರಾಮದ ಪಣೋಲಿಬೈಲಿನಲ್ಲಿ ಈ ಕತೆ ಇಂದಿಗೂ ಕೆಲಸ ಮಾಡುತ್ತಿದೆ. ಕಳವಾದ ಒಡವೆ, ತೀರದ ತಕರಾರು, ವಾಸಿಯಾಗದ ಕಾಯಿಲೆ, ಏನೇ ಇರಲಿ, ಅಪ್ಪೆ ಕಲ್ಲುರ್ಟಿಗೆ ಅಗೇಲು ಹೇಳಿಕೊಳ್ಳುತ್ತಾರೆ. ಬಾಳೆಲೆಯಲ್ಲಿ ಅನ್ನ, ಕೋಳಿ ಪದಾರ್ಥ ಬಡಿಸಿದ ಆ ಎಡೆ ಮನೆಮಂದಿಯ ಊಟದಂತೆಯೇ ಇರುತ್ತದೆ. ತುಳುನಾಡಿನ ಕೋಲಗಳಲ್ಲಿ ಸಂಕಟವನ್ನು ದೈವದ ಮುಂದೆ ಕ್ರಮಬದ್ಧವಾದ ತುಳುವಿನಲ್ಲಿ ಮದಿಪು ಹೇಳುವವರು ಇಡುತ್ತಾರೆ. ಸಂಕಟದವನು ಕೈಮುಗಿದು ನಿಂತರೆ ಸಾಕು. ಕುಗ್ಗಿದವನಿಗೆ ತನ್ನ ದುಃಖವನ್ನು ವಿವರಿಸುವ ಶಕ್ತಿಯೂ ಇರುವುದಿಲ್ಲವೆಂಬುದನ್ನು ಈ ವ್ಯವಸ್ಥೆ ಅರಿತಿದೆ. ದೈವ ತನ್ನ ಬಾಯಿಂದಲೇ ಅಭಯದ ನುಡಿ ಕೊಡುತ್ತದೆ. ತಾನೇ ಅನ್ಯಾಯ ಕಂಡವಳು ಕೇಳುತ್ತಿದ್ದಾಳೆ ಎಂಬುದೇ ಇಲ್ಲಿ ಭರವಸೆಯ ಬೇರು.

ಎರಡನೆಯದು ಮೂಡುಬಿದಿರೆಯ ರತ್ನಾಕರವರ್ಣಿಯದು. ಅವನ ತ್ರಿಲೋಕಶತಕದ ಕಾಲ 1557. ಭೈರರಸನ ಆಸ್ಥಾನದಲ್ಲಿದ್ದ, ಭರತೇಶ ವೈಭವವನ್ನು ಆನೆಯ ಮೇಲೆ ಮೆರೆಸಬೇಕೆಂದಾಗ ಗುರುಪೀಠ ಅಡ್ಡ ಬಂತು, ನೊಂದ ಕವಿ ವೀರಶೈವನಾದ, ಬಳಿಕ ಮರಳಿದ ಎಂಬುದು ದೇವಚಂದ್ರನ ರಾಜಾವಳಿ ಕಥೆಯ ಹೇಳಿಕೆ. ಸುಮಾರು ಮುನ್ನೂರು ವರ್ಷ ಈಚಿನ ಈ ಮಾತಿಗೆ ಚರಿತ್ರೆಯ ತೂಕ ಕಡಿಮೆ. ಆದರೆ ರತ್ನಾಕರಾಧೀಶ್ವರ ಶತಕವನ್ನು ಓದಿದವರಿಗೆ ಕೊರಗು ಕಟ್ಟುಕತೆಯೆನಿಸುವುದಿಲ್ಲ. ಅರಸರ ಸಿರಿ, ದೇಹದ ಭೋಗ ಎಲ್ಲದರ ಬಗ್ಗೆ ಬೇಸತ್ತ ದನಿ ಪದ್ಯ ಪದ್ಯದ ಕೊನೆಯಲ್ಲೂ ಅದೇ ಒಡೆಯನನ್ನು ಕರೆಯುತ್ತದೆ. ಆ ಒಡೆಯ ಏನನ್ನೂ ಕೊಡುವವನಲ್ಲ. ಕರ್ಮ ಕಳೆದ ಜಿನನಿಗೆ ಒಲವೂ ಇಲ್ಲ, ಮುನಿಸೂ ಇಲ್ಲ. ಹಾಗಿದ್ದರೆ ಕರೆಯುವುದೇಕೆ? ಭರತೇಶ ವೈಭವದಲ್ಲಿ ಕವಿ ತನ್ನ ಮೋಕ್ಷಗುರುವೆನ್ನುವ ಹಂಸನಾಥ ಒಳಗಿನ ಪರಮಾತ್ಮನೇ. ಸಿದ್ಧನಲ್ಲಿ ಮುಗಿದಿರುವ ಕರ್ಮ ತನ್ನಲ್ಲೂ ಮುಗಿಯಬಲ್ಲದು; ಕರೆ ಆ ನೆನಪನ್ನು ಎಚ್ಚರವಾಗಿಡುತ್ತದೆ. ಕಲ್ಲುರ್ಟಿ ನೊಂದವಳಾದ್ದರಿಂದ ಆಸರೆ. ಜಿನನಿಗೆ ನೋವು ಸೋಕದ್ದರಿಂದಲೇ ಅವನು ಆಸರೆ.

ಬದುಕಿನಲ್ಲಿ ಜನ ಇವೆರಡರ ನಡುವೆ ಗೋಡೆ ಕಟ್ಟಲಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದ ಐತಿಹ್ಯದಲ್ಲಿ ನೆಲ್ಯಾಡಿ ಬೀಡಿನ ಜೈನ ದಂಪತಿ ಬಿರ್ಮಣ್ಣ ಪೆರ್ಗಡೆ, ಅಮ್ಮು ಬಲ್ಲಾಳ್ತಿ ಅತಿಥಿಗಳಾಗಿ ಬಂದ ಧರ್ಮದೈವಗಳಿಗೆ ತಾವಿದ್ದ ಮನೆಯನ್ನೇ ಬಿಟ್ಟುಕೊಟ್ಟರು. ಅದೇ ಊರಿನಲ್ಲಿ ಚಂದ್ರನಾಥ ಬಸದಿಯೂ ಇದೆ. ಹಾಗಾಗಿ ರತ್ನಾಕರನ ಸಾಂಗತ್ಯಕೃತಿ ಭರತೇಶ ವೈಭವವನ್ನು ಬಸದಿಯೊಳಗಿನ ಕೃತಿಯಾಗಿ ಮಾತ್ರ ಓದುವುದು ಸಾಲದು. ಅದನ್ನು ಹಾಡಿಸಿ ಕೇಳಿದ ಈ ಸೀಮೆಯ ಮನೆಗಳಲ್ಲಿ ಭತ್ತದ ನೇಜಿ ನೆಡುವ ಹೆಂಗಸರ ಪಾಡ್ದನವೂ ಕಿವಿಗೆ ಬೀಳುತ್ತಿತ್ತು.