ಮಾಸು ಹೇಳುವ ಮಾತು, ತಾಯಿ ಹೊತ್ತ ಅಪವಾದ

ನಾನು ಸಣ್ಣವನಿದ್ದಾಗ ದುಧನಿಯಲ್ಲಿ ಹೆರಿಗೆಗಳು ಹೆಚ್ಚಾಗಿ ಮನೆಯಲ್ಲೇ ಆಗುತ್ತಿದ್ದವು. ಕೂಸು ಹುಟ್ಟಿದ ಮೇಲೂ ಮಾಸು ಬೀಳುವ ತನಕ ಸೂಲಗಿತ್ತಿ ಎದ್ದು ಹೋಗುತ್ತಿರಲಿಲ್ಲ. ಅದು ಪೂರ್ತಿ ಬಿದ್ದಿದೆಯೋ ಇಲ್ಲವೋ ಎಂದು ಕೈಯಲ್ಲಿ ಹಿಡಿದು ನೋಡಿ, ಅರಿಷಿಣ ಕುಂಕುಮ ಹಚ್ಚಿ, ನಾಯಿ ಕೆದರದಷ್ಟು ಆಳಕ್ಕೆ ಹಿತ್ತಲಲ್ಲಿ ಹೂಳಿಸುತ್ತಿದ್ದಳು. ಅಲ್ಲಿಗೆ ಮಾಸಿನ ಕೆಲಸ ಮುಗಿಯಿತು ಎಂದೇ ನಾವೆಲ್ಲ ತಿಳಿದಿದ್ದೆವು.

ಅದೇ ಕಾಲದಲ್ಲಿ ನಮ್ಮ ಸಂಬಂಧದ ಒಬ್ಬ ವೈನಿಗೆ ಗಂಡು ಕೂಸಾಯಿತು. ಸಣ್ಣ ಕಿವಿ, ಮೇಲಕ್ಕೆ ಓರೆಯಾದ ಕಣ್ಣು, ಮೆತ್ತನೆಯ ಮೈ. ಕೂಸು ಕುತ್ತಿಗೆ ನಿಲ್ಲಿಸಿದ್ದು ತಡ, ಮಾತು ಬಂದದ್ದು ಇನ್ನೂ ತಡ. "ಗ್ರಹಣದಾಗ ಹೊರಗ ಬಂದಾಳ, ಅದಕ್ಕ ಹಿಂಗ ಆಗ್ಯದ" ಎಂದರು ಕೆಲವರು. "ಸೋದರಮಾವನ್ನ ಲಗ್ನ ಆದ್ರ ಇನ್ನೇನ್ ಆಗ್ತದ" ಎಂದರು ಇನ್ನು ಕೆಲವರು. ವೈನಿ ಯಾರಿಗೂ ಎದುರು ಮಾತಾಡಲಿಲ್ಲ. ಆ ಹುಡುಗನಿಗಿದ್ದದ್ದು ಡೌನ್ ಸಿಂಡ್ರೋಮ್ ಎಂದು ನನಗೆ ತಿಳಿದದ್ದು ಮಾಸ್ತರನಾದ ಎಷ್ಟೋ ವರ್ಷಗಳ ಮೇಲೆ.

ಹೋದ ವರ್ಷ ನಮ್ಮ ಓಣಿಯ ಒಬ್ಬಾಕೆ ತನ್ನ ಬಸುರಿ ಸೊಸೆಯನ್ನು ಕರಕೊಂಡು ನಮ್ಮ ಮನೆಗೆ ಬಂದಳು. ಮನೆಯಲ್ಲಿ ಕುಬಸದ ತಯಾರಿ ನಡೆದಿತ್ತು. ಕೈಯಲ್ಲಿ ಇಂಗ್ಲಿಷಿನ ರಿಪೋರ್ಟು. "ಮಾಸ್ತರ, ಇದರಾಗ ಏನ್ ಬರದದ ನೋಡ್ರಿ. ಕೂಸು ಸರಿ ಇಲ್ಲಂತ ತಿಳಕೊಂಡು ಇಕಿ ಎರಡು ದಿನದಿಂದ ಉಂಡಿಲ್ಲ" ಎಂದಳು. ಕಾಗದದಲ್ಲಿ ಎಚ್‌ಸಿಜಿ ಹೆಚ್ಚು ಎಂದಿತ್ತು. ಕೆಳಗೆ 180ಕ್ಕೆ 1 ಎಂಬ ಲೆಕ್ಕ ಇತ್ತು. ಆ ಲೆಕ್ಕ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ನಾನು ಓದಿಕೊಂಡ ಚರಿತ್ರೆ ಇದು.

ಬಸಿರನ್ನು ಮೂತ್ರದಿಂದ ತಿಳಿಯುವ ಆಸೆ ಬಹಳ ಹಳೆಯದು. ಮೂರು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನ ಹೆಂಗಸರು ಗೋಧಿ ಮತ್ತು ಬಾರ್ಲಿ ಕಾಳಿನ ಮೇಲೆ ಮೂತ್ರ ಹಾಕಿ, ಮೊಳಕೆ ಬಂದರೆ ಬಸಿರು ಎನ್ನುತ್ತಿದ್ದರು. ಬರ್ಲಿನ್ನಿನ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೊಂಡೆಕ್ ಎಂಬ ವೈದ್ಯರು 1920ರ ದಶಕದ ಕೊನೆಗೆ ಬಸುರಿಯ ಮೂತ್ರವನ್ನು ಎಳೆಯ ಹೆಣ್ಣು ಇಲಿಗಳಿಗೆ ಚುಚ್ಚಿ ನೋಡಿದರು. ಬಸುರಿಯ ಮೂತ್ರವಾದರೆ ಇಲಿಯ ಅಂಡಾಶಯ ಉಬ್ಬಿ ಕೆಂಪಾಗುತ್ತಿತ್ತು. ಇಬ್ಬರೂ ಯಹೂದಿಗಳು. ಹಿಟ್ಲರ್ ಬಂದ ಮೇಲೆ ಜರ್ಮನಿ ಬಿಡಬೇಕಾಯಿತು. ಒಬ್ಬರು ಪ್ಯಾರಿಸ್ಸಿಗೆ, ಇನ್ನೊಬ್ಬರು ಜೆರುಸಲೇಮಿಗೆ ಹೋದರು.

ಆ ರಸ ತಾಯಿಯ ತಲೆಯ ಗ್ರಂಥಿಯಿಂದ ಬರುತ್ತದೆ ಎಂದು ಅವರು ಮೊದಲು ತಿಳಿದಿದ್ದರು. ಅಮೆರಿಕದ ಜಾರ್ಜಿಯಾನಾ ಸೀಗರ್ ಜೋನ್ಸ್ ಎಂಬ ವೈದ್ಯೆ ಮತ್ತು ಅವರ ಜೊತೆಗಾರರು ಮಾಸಿನ ಅಂಗಾಂಶವನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಅದೇ ಈ ಹಾರ್ಮೋನು ಮಾಡುತ್ತದೆ ಎಂದು ತೋರಿಸಿದರು. 1943ರಲ್ಲಿ ಅದು ಪ್ರಕಟವಾಯಿತು. ಇದೇ ಎಚ್‌ಸಿಜಿ. ಬಸಿರಿನ ಮೊದಲ ವಾರಗಳಲ್ಲಿ ಗರ್ಭ ನಿಲ್ಲುವುದು ಇದರ ಬಲದಿಂದ. ಎಂಟರಿಂದ ಹತ್ತು ವಾರದ ಹೊತ್ತಿಗೆ ಅದು ತುದಿಗೆ ಏರಿ ಆಮೇಲೆ ಇಳಿಯುತ್ತದೆ. ನಮ್ಮ ಹೆಂಗಸರು ಹೇಳುವ ವಾಂತಿ ಬಯಕೆಯ ಕಾಲವೂ ಅದೇ.

ಇಲ್ಲಿ ಒಂದು ಮಾತು ತಿಳಿದುಕೊಳ್ಳಬೇಕು. ಮಾಸು ತಾಯಿಯ ಹೊಟ್ಟೆಯಲ್ಲಿದ್ದರೂ ಅದರ ಬಹುಭಾಗ ತಾಯಿಯದಲ್ಲ. ಕೂಸು ಯಾವ ಒಂದು ಕಣದಿಂದ ಹುಟ್ಟುತ್ತದೋ ಮಾಸೂ ಅದರಿಂದಲೇ ಹುಟ್ಟುತ್ತದೆ. ಆದ್ದರಿಂದ ಆ ಕಣದಲ್ಲಿ ವರ್ಣತಂತುಗಳ ಲೆಕ್ಕ ತಪ್ಪಿದ್ದರೆ ಮಾಸಿನ ನಡತೆಯೂ ಬದಲಾಗುತ್ತದೆ.

ಮನುಷ್ಯನಿಗೆ 46 ವರ್ಣತಂತುಗಳಿವೆ ಎಂದು ಸರಿಯಾಗಿ ಎಣಿಸಿದ್ದು 1956ರಲ್ಲಿ. ಇಂಗ್ಲೆಂಡಿನ ವೈದ್ಯ ಲ್ಯಾಂಗ್ಡನ್ ಡೌನ್ 1866ರಲ್ಲಿ ವರ್ಣಿಸಿದ್ದ ಮಕ್ಕಳಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಇರುತ್ತದೆ ಎಂದು ಪ್ಯಾರಿಸ್ಸಿನ ಮಾರ್ತ್ ಗೋತಿಯೇ, ಜೆರೋಮ್ ಲೆಜೂನ್, ರೇಮಂ ತ್ಯುರ್ಪ್ಯಾಂ 1959ರಲ್ಲಿ ತಿಳಿಸಿದರು. ಗ್ರಹಣದ ಮಾತು ಅಂದೇ ಬಿದ್ದುಹೋಗಬೇಕಿತ್ತು.

ಹೊಟ್ಟೆಯಲ್ಲಿರುವಾಗಲೇ ತಾಯಿಯ ರಕ್ತದಿಂದ ಇದರ ಸುಳಿವು ಹಿಡಿಯಬಹುದೇ? ಆ ದಾರಿ ತೆರೆದದ್ದು ಒಬ್ಬ ತಾಯಿಯ ಪ್ರಶ್ನೆ. ಆಗ ಅಮೆರಿಕದಲ್ಲಿ ಬೆನ್ನುಹುರಿಯ ದೋಷ ಹುಡುಕಲು ಎಎಫ್‌ಪಿ ಎಂಬ ಪ್ರೋಟೀನನ್ನು ಬಸುರಿಯರ ರಕ್ತದಲ್ಲಿ ಅಳೆಯುತ್ತಿದ್ದರು. ಅದು ಹೆಚ್ಚಿದ್ದರೆ ಮಾತ್ರ ಚಿಂತೆ. ಒಬ್ಬಾಕೆಗೆ ಅದು ತೀರ ಕಡಿಮೆ ಇತ್ತು. ಹುಟ್ಟಿದ ಕೂಸಿಗೆ 18ನೆಯ ವರ್ಣತಂತು ಮೂರಿತ್ತು. ಕಡಿಮೆ ಇದ್ದದ್ದಕ್ಕೂ ಇದಕ್ಕೂ ಸಂಬಂಧ ಇರಬಹುದೇ ಎಂದು ಆಕೆ ಕೇಳಿದಳು. ನ್ಯೂಯಾರ್ಕಿನ ಇರ್ವಿನ್ ಮರ್ಕಾಟ್ಜ್ ಮತ್ತು ಸಂಗಡಿಗರು ಹಳೆಯ ದಾಖಲೆ ತೆಗೆದು ನೋಡಿದರು. ಸಂಬಂಧ ಇತ್ತು. 1984ರಲ್ಲಿ ಅದನ್ನು ಪ್ರಕಟಿಸಿದರು.

1987ರಲ್ಲಿ ಮಾರ್ಕ್ ಬೊಗಾರ್ಟ್ ಮತ್ತು ಜೊತೆಗಾರರು, ಡೌನ್ ಸಿಂಡ್ರೋಮ್ ಕೂಸಿರುವ ಬಸಿರಿನಲ್ಲಿ ಎಚ್‌ಸಿಜಿ ಹೆಚ್ಚಿರುತ್ತದೆ ಎಂದು ಕಂಡರು. ಸರಾಸರಿ ಹಿಡಿದರೆ ಸಾಧಾರಣಕ್ಕಿಂತ ಸುಮಾರು ಎರಡು ಪಟ್ಟು. 18ನೆಯದು ಮೂರಿದ್ದರೆ ಇದಕ್ಕೆ ವಿರುದ್ಧವಾಗಿ ಎಚ್‌ಸಿಜಿ ಕಡಿಮೆ. ಮುಂದಿನ ವರ್ಷ ಲಂಡನ್ನಿನ ನಿಕೊಲಸ್ ವಾಲ್ಡ್ ಮತ್ತು ಸಂಗಡಿಗರು ಎಎಫ್‌ಪಿ, ಎಚ್‌ಸಿಜಿ, ಎಸ್ಟ್ರಿಯಾಲ್ ಎಂಬ ಮೂರು ಅಳತೆಗಳನ್ನು ತಾಯಿಯ ವಯಸ್ಸಿನೊಂದಿಗೆ ಸೇರಿಸಿ ಲೆಕ್ಕ ಹಾಕುವ ವಿಧಾನ ಕೊಟ್ಟರು. ನಮ್ಮ ಓಣಿಯ ಸೊಸೆಯ ಕೈಯಲ್ಲಿದ್ದ 180ಕ್ಕೆ 1 ಇದೇ ಲೆಕ್ಕದ ಮರಿಮಗ.

ಎಚ್‌ಸಿಜಿ ಯಾಕೆ ಹೆಚ್ಚಾಗುತ್ತದೆ? ಸಾಧಾರಣ ಮಾಸಿನಲ್ಲಿ ಎಳೆಯ ಕಣಗಳು ಒಂದಕ್ಕೊಂದು ಬೆರೆತು ಬಲಿತ ಪದರವಾಗುತ್ತವೆ. ಡೌನ್ ಸಿಂಡ್ರೋಮಿನಲ್ಲಿ ಈ ಬೆರೆಯುವ ಕೆಲಸ ಹಿಂದೆ ಬೀಳುತ್ತದೆ ಎಂದು ಪ್ಯಾರಿಸ್ಸಿನ ಸಂಶೋಧಕರು ತೋರಿಸಿದ್ದಾರೆ. ಊರ ತೊಗರಿಯೆಲ್ಲ ಕಾಯಿ ಬಲಿತಾಗ ಒಂದು ಹೊಲ ಮಾತ್ರ ಇನ್ನೂ ಹೂವಿನಲ್ಲಿದ್ದಂತೆ ಆ ಮಾಸು ಎಳಸಾಗಿ ಉಳಿಯುತ್ತದೆ. ಎಚ್‌ಸಿಜಿ ಇಳಿಯಬೇಕಾದ ಹೊತ್ತಿಗೆ ಇಳಿಯುವುದಿಲ್ಲ.

ಇನ್ನು ಅಪವಾದದ ಮಾತು. ಸೋದರಿಕೆಯ ಲಗ್ನ ನಮ್ಮಲ್ಲಿ ಬಹಳ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಕರ್ನಾಟಕದ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸುಗಳ ರಕ್ತ ಪರೀಕ್ಷಿಸುತ್ತ ತಂದೆತಾಯಿಗಳ ನಂಟನ್ನೂ ಕೇಳಿದರು. ಮೂರರಲ್ಲಿ ಒಂದರ ಸುತ್ತಮುತ್ತ ಮದುವೆಗಳು ರಕ್ತಸಂಬಂಧದವೇ ಆಗಿದ್ದವು. ಸೋದರಿಕೆಯಿಂದ ಕೆಲವು ವಂಶಪಾರಂಪರ್ಯ ಕಾಯಿಲೆಗಳು ಹೆಚ್ಚುತ್ತವೆ, ಅದು ನಿಜ. ಆದರೆ ಡೌನ್ ಸಿಂಡ್ರೋಮ್ ಸಾಮಾನ್ಯವಾಗಿ ಆ ಬಗೆಯದಲ್ಲ. ವರ್ಣತಂತು ಪಾಲಾಗುವಾಗ ಆಗುವ ಆಕಸ್ಮಿಕ ಅದು. ಆ ಆಕಸ್ಮಿಕ ಹೆಚ್ಚಿನ ಸಲ ಆಗುವುದು ತಾಯಿಯ ಅಂಡದಲ್ಲಿ, ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಅಂಡ ತಯಾರಾಗತೊಡಗಿದ್ದು ಆಕೆ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗ. ಆಕೆ ತಿಂದದ್ದರಿಂದ, ನಡೆದದ್ದರಿಂದ, ನೋಡಿದ್ದರಿಂದ ಅದು ಆಗುವುದಿಲ್ಲ. ವಯಸ್ಸು ಏರಿದಂತೆ ಸಂಭವ ಏರುತ್ತದೆ: 25ರ ತಾಯಿಗೆ ಸುಮಾರು 1,300ಕ್ಕೆ 1, 35ಕ್ಕೆ ಸುಮಾರು 350ಕ್ಕೆ 1, 40ಕ್ಕೆ ಸುಮಾರು 100ಕ್ಕೆ 1. ನೂರರಲ್ಲಿ ಮೂರು ನಾಲ್ಕು ಮಕ್ಕಳಲ್ಲಿ ಮಾತ್ರ ಒಂದು ವರ್ಣತಂತು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಅದು ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು.

ಇನ್ನೊಂದು ಸಂಗತಿ ನೋಡ್ರಿ. ಎಚ್‌ಸಿಜಿ ಅತಿ ಹೆಚ್ಚು ಏರುವುದು ಕೂಸೇ ಇಲ್ಲದೆ ಮಾಸು ಮಾತ್ರ ದ್ರಾಕ್ಷಿ ಗೊಂಚಲಿನಂತೆ ಬೆಳೆಯುವ ಬಸಿರಿನಲ್ಲಿ. ಜಪಾನಿನ ಕಾಜಿ ಮತ್ತು ಓಹಾಮಾ 1977ರಲ್ಲಿ ಆ ಪೂರ್ತಿ ಗೊಂಚಲಿನ ವರ್ಣತಂತುಗಳನ್ನು ಪರೀಕ್ಷಿಸಿದರು. ಅವೆಲ್ಲ ತಂದೆಯ ಕಡೆಯವೇ ಆಗಿದ್ದವು. ಹಾಗೆಂದು ಗಂಡನನ್ನು ಬಯ್ಯುವವರಿಲ್ಲ. ಬಯ್ಯಲೂಬಾರದು.

ಮಾಸಿನ ಮಾತು ಕೆಲವು ಸಲ ಕೂಸಿನ ಮಾತಲ್ಲ ಎಂಬುದೂ ತಿಳಿದಿದೆ. ಮಾಸಿನಲ್ಲಿ ಮಾತ್ರ ವರ್ಣತಂತು ತಪ್ಪಿದ್ದು ಕೂಸು ಸರಿಯಾಗಿರುವ ಬಸಿರುಗಳನ್ನು ಕೆನಡಾದ ಡಾಗ್ಮಾರ್ ಕಲೂಸೆಕ್ ಮತ್ತು ಫ್ರೆಡ್ ಡಿಲ್ 1983ರಲ್ಲಿ ವರದಿ ಮಾಡಿದರು. 1997ರಲ್ಲಿ ಡೆನಿಸ್ ಲೋ ತಾಯಿಯ ರಕ್ತದಲ್ಲಿ ಗರ್ಭದ ಡಿಎನ್‌ಎ ತುಣುಕುಗಳನ್ನು ಕಂಡುಹಿಡಿದರು. ಅದರಿಂದ ಈಗ ಹೆಚ್ಚು ನಂಬಬಹುದಾದ ಪರೀಕ್ಷೆ ಬಂದಿದೆ. ಆದರೆ ಆ ತುಣುಕುಗಳು ಬರುವುದೂ ಮಾಸಿನಿಂದಲೇ. ಆದ್ದರಿಂದ ಅದೂ ಕೊನೆಯ ತೀರ್ಪಲ್ಲ. ಖಚಿತ ಮಾಡಲು ಗರ್ಭದ ನೀರು ತೆಗೆದು ನೋಡಬೇಕು.

ಆ ನೀರಿನ ಪರೀಕ್ಷೆಗೆ ನಮ್ಮ ದೇಶದಲ್ಲಿ ಕೆಟ್ಟ ಚರಿತ್ರೆಯೂ ಇದೆ. 1970ರ ದಶಕದಲ್ಲಿ ದೋಷ ಹುಡುಕಲು ಬಂದದ್ದು ಬೇಗನೆ ಹೆಣ್ಣುಕೂಸು ಹುಡುಕಲು ಬಳಕೆಯಾಯಿತು. ಮಹಿಳಾ ಸಂಘಟನೆಗಳು ಹೋರಾಡಿದ ಮೇಲೆ 1988ರಲ್ಲಿ ನಮ್ಮ ಮಹಾರಾಷ್ಟ್ರವೇ ದೇಶದಲ್ಲಿ ಮೊದಲು ಇದಕ್ಕೆ ಕಾಯಿದೆ ಮಾಡಿತು. ಕೇಂದ್ರದ ಕಾಯಿದೆ 1994ರದು. ವರ್ಣತಂತು ದೋಷ ನೋಡಲು ನೋಂದಾಯಿತ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬಹುದು. ಗಂಡೋ ಹೆಣ್ಣೋ ಎಂದು ಕೇಳುವುದೂ ಅಪರಾಧ, ಹೇಳುವುದೂ ಅಪರಾಧ.

ಆ ದಿನ ಅತ್ತೆ ಸೊಸೆಗೆ ನಾನು ಹೇಳಿದ್ದಿಷ್ಟೇ: "ಇಂಥಾ ರಿಪೋರ್ಟು ಬಂದ 180 ಬಸುರಿಯರಾಗ ಒಬ್ಬಾಕಿ ಕೂಸಿಗೆ ಇದು ಇರ್ತದ, 179 ಮಂದಿಗೆ ಇರಂಗಿಲ್ಲ. ಇದು ತೀರ್ಪಲ್ಲವ್ವಾ, ಇನ್ನೊಂದು ಪರೀಕ್ಷೆ ಬೇಕೇನಂತ ಕೇಳೂ ಚೀಟಿ. ಮೊದಲು ಉಣ್ಣು. ಆಮ್ಯಾಲ ಡಾಕ್ಟರಿಗೆ ಎಲ್ಲಾ ಕೇಳು. ಏನ್ ಮಾಡಬೇಕು ಅನ್ನೂದು ನೀ ತಿಳಕೊಂಡು ಹೇಳು." ಅತ್ತೆ ಸುಮ್ಮನೆ ಕೇಳಿಸಿಕೊಂಡಳು. ಮುಂದೆ ಪರೀಕ್ಷೆಯಲ್ಲಿ ಏನು ಬಂತು ಎಂಬುದು ಅವರ ಮನೆಯ ಮಾತು, ಇಲ್ಲಿ ಬರೆಯುವುದಿಲ್ಲ.

ನಮ್ಮ ವೈನಿಯ ಮಗ ದೊಡ್ಡವನಾದ. ದಿನಾ ಸಂಜೆ ದನಗಳಿಗೆ ನೀರು ತೋರಿಸುತ್ತಿದ್ದ. ಸ್ಟೇಷನ್ನಿಗೆ ಗಾಡಿ ಬರುವ ಹೊತ್ತು ಗಡಿಯಾರ ನೋಡದೆ ಹೇಳುತ್ತಿದ್ದ. ವೈನಿ ತೀರಿಕೊಳ್ಳುವ ತನಕ "ನಿನ್ನ ತಪ್ಪಲ್ಲ" ಎಂದು ಆಕೆಗೆ ಯಾರೂ ಹೇಳಲಿಲ್ಲ. 1959ರಿಂದಲೂ ಹೇಳಬಹುದಾಗಿದ್ದ ಮಾತು ಅದು. ನಾನೂ ಹೇಳಲಿಲ್ಲ. ವಿಜ್ಞಾನ ಪಾಠ ಮಾಡುವ ಗುರುಗಳು ವರ್ಣತಂತುವಿನ ಚಿತ್ರ ಹಲಗೆಯ ಮೇಲೆ ಬರೆಯುವ ದಿನ ಈ ಒಂದು ಮಾತನ್ನು ಮಕ್ಕಳಿಗೆ ತಪ್ಪದೆ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.