ಹೆಗಲೇರಿದ ಸೈಕಲ್: ಕೆಸರಿನ ಪಂದ್ಯವೊಂದರ ಹವ್ಯಾಸಿ ಚರಿತ್ರೆ

ಯಾರ್ಕ್‌ಶೈರಿನಲ್ಲಿ ನೆಲೆಸಿರುವ ನಮ್ಮ ಸದಸ್ಯ ಕುಟುಂಬಗಳಲ್ಲಿ ಕೆಲವರ ಮಕ್ಕಳು ಇತ್ತೀಚೆಗೆ ಸೈಕ್ಲೋಕ್ರಾಸ್ ಎಂಬ ಆಟಕ್ಕೆ ಸೇರಬೇಕೆಂದು ಹಟ ಹಿಡಿದಿದ್ದಾರೆ. ವೈದ್ಯನೆಂಬ ಕಾರಣಕ್ಕೆ ತಂದೆತಾಯಿಗಳು ನನ್ನನ್ನು ಕೇಳುವ ಪ್ರಶ್ನೆ ಒಂದೇ: 'ಕಳಿಸಬಹುದೇ?' ಅದಕ್ಕೆ ಒಂದು ಸಾಲಿನ ಉತ್ತರ ಕೊಡಬಹುದು. ಆದರೆ ಈ ಆಟ ಎಲ್ಲಿಂದ ಬಂದಿತು, ಇದನ್ನು ಯಾರು ಉಳಿಸಿಕೊಂಡು ಬಂದರು ಎಂಬುದು ತಿಳಿಯದೆ ಕೊಡುವ ಉತ್ತರ ಅರ್ಧ ಉತ್ತರವಷ್ಟೇ. ಆದ್ದರಿಂದ ಸ್ವಲ್ಪ ಸುತ್ತುಬಳಸಿನ ದಾರಿ ಹಿಡಿಯುತ್ತಿದ್ದೇನೆ. ಈ ಆಟದ ದಾರಿಯೂ ಅಂಥದ್ದೇ.

ಹುಲ್ಲುಗಾವಲು, ಮರಳು, ಕೆಸರು, ಏರುದಿಣ್ಣೆಗಳನ್ನು ಒಳಗೊಂಡ ಮೂರು ಕಿಲೋಮೀಟರ್ ಆಸುಪಾಸಿನ ಒಂದು ಸುತ್ತು. ಅದನ್ನು ನಿಗದಿತ ಅವಧಿಯವರೆಗೆ, ಹಿರಿಯರಾದರೆ ಸುಮಾರು ಒಂದು ಗಂಟೆ, ಮತ್ತೆ ಮತ್ತೆ ಸುತ್ತಬೇಕು. ದಾರಿಯಲ್ಲಿ ಬೇಕೆಂದೇ ಹಲಗೆಗಳನ್ನು ಅಡ್ಡ ನಿಲ್ಲಿಸಿರುತ್ತಾರೆ; ನಿಯಮದಂತೆ ಅವುಗಳ ಎತ್ತರ 40 ಸೆಂಟಿಮೀಟರ್ ಮೀರುವಂತಿಲ್ಲ. ಅಲ್ಲಿ ಸವಾರ ಕೆಳಗೆ ಹಾರಿ, ಸೈಕಲ್ಲನ್ನು ಎತ್ತಿ, ಓಡಿ, ಮತ್ತೆ ಏರುತ್ತಾನೆ. ಕಡಿದಾದ ದಿಣ್ಣೆ ಬಂದರೆ ಸೈಕಲ್ ಹೆಗಲ ಮೇಲಿರುತ್ತದೆ. ಮನುಷ್ಯನನ್ನು ಹೊರಬೇಕಾದ ವಾಹನವನ್ನೇ ಮನುಷ್ಯ ಹೊರುವ ಈ ವಿಪರೀತವನ್ನು ಮೊದಲು ನೋಡಿದವರಿಗೆ ನಗು ಬಾರದಿರದು. ದಕ್ಷಿಣ ಕನ್ನಡದ ಕೆಸರುಗದ್ದೆ ಓಟ ಕಂಡವರಿಗೆ ಮಾತ್ರ ಇದರ ಒಳಗಿನ ಸಂತೋಷ ಹೊಸದೆನಿಸದು.

ಹುಟ್ಟು ಫ್ರಾನ್ಸಿನಲ್ಲಿ. ದಾನಿಯಲ್ ಗೂಸೋ ಎಂಬ ಸಾಮಾನ್ಯ ಸೈನಿಕ, ಕುದುರೆ ಸವಾರಿ ಮಾಡುತ್ತಿದ್ದ ಅಧಿಕಾರಿಗಳ ಜೊತೆಗೆ ತಾನು ಸೈಕಲ್ಲಿನಲ್ಲಿ ಕಾಡುದಾರಿಗಳನ್ನು ಸುತ್ತುತ್ತಿದ್ದನೆಂದೂ, ಆ ವಿನೋದಕ್ಕೆ ಗೆಳೆಯರನ್ನು ಸೇರಿಸಿಕೊಂಡನೆಂದೂ ಹೇಳುತ್ತಾರೆ. ಆತನ ಪ್ರಯತ್ನದಿಂದ 1902ರಲ್ಲಿ ಫ್ರಾನ್ಸಿನ ಮೊದಲ ರಾಷ್ಟ್ರೀಯ ಪಂದ್ಯ ನಡೆಯಿತು. ರಸ್ತೆ ಪಂದ್ಯಗಳಿಲ್ಲದ ಚಳಿಗಾಲದಲ್ಲಿ ದೇಹವನ್ನು ಹದವಾಗಿಡುವುದು ಇದರ ಉದ್ದೇಶವಾಗಿತ್ತು. ಗಂಟೆಗಟ್ಟಲೆ ಪೆಡಲ್ ತುಳಿಯುತ್ತ ಕುಳಿತವನ ಕಾಲ್ಬೆರಳು ಹೆಪ್ಪುಗಟ್ಟುವ ಚಳಿಯಲ್ಲಿ ನಡುನಡುವೆ ಇಳಿದು ಓಡುವುದರಿಂದ ಪಾದಗಳಿಗೆ ರಕ್ತ ಹರಿಯುತ್ತದೆ. ಇದು ಶರೀರಶಾಸ್ತ್ರ ಒಪ್ಪುವ ಮಾತು. 1907ರಲ್ಲಿ ಫ್ರಾನ್ಸಿನ ಸೈಕ್ಲೋಕ್ರಾಸ್ ಪ್ರಶಸ್ತಿ ಗೆದ್ದ ಒಕ್ತಾವ್ ಲಾಪಿಜ್, 1910ರಲ್ಲಿ ಟೂರ್ ದ ಫ್ರಾನ್ಸನ್ನೂ ಗೆದ್ದು, ಅದರ ಶ್ರೇಯಸ್ಸಿನ ಒಂದು ಪಾಲನ್ನು ಈ ಕೆಸರಿನಾಟಕ್ಕೆ ಸಲ್ಲಿಸಿದನು. ಆಟದ ಕೀರ್ತಿ ಬೆಳೆದದ್ದು ಅಲ್ಲಿಂದ. ಪಿರನೀಸ್ ಪರ್ವತಗಳನ್ನು ಸೈಕಲ್ಲಿನಲ್ಲಿ ದಾಟಿದ ಆ ವೀರ 1917ರಲ್ಲಿ, ಮೊದಲ ಮಹಾಯುದ್ಧದ ವಿಮಾನ ಚಾಲಕನಾಗಿ, ಆಕಾಶದಲ್ಲಿ ಮಡಿದನು.

ಮುಂದಿನ ಘಟ್ಟಗಳನ್ನು ಬೇಗ ದಾಟಬಹುದು. 1950ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ವಿಶ್ವ ಪಂದ್ಯ ನಡೆದು, ಟೂರ್ ವಿಜೇತ ಜ್ಯಾನ್ ರೋಬಿಕ್ ಗೆದ್ದನು. ಆಮೇಲೆ ಬೆಲ್ಜಿಯಂ ಈ ಆಟವನ್ನು ತನ್ನದಾಗಿಸಿಕೊಂಡಿತು. ಅಲ್ಲಿನ ಎರಿಕ್ ದ ವ್ಲೇಮಿಂಕ್ 1966ರಿಂದ 1973ರೊಳಗೆ ಏಳು ಬಾರಿ ವಿಶ್ವ ಪ್ರಶಸ್ತಿ ಗಳಿಸಿದನು. ಮಹಿಳೆಯರಿಗೆ ಮಾತ್ರ ವಿಶ್ವ ಪಂದ್ಯದ ಬಾಗಿಲು ತೆರೆದದ್ದು 2000ದಲ್ಲಿ, ಪುರುಷರ ಮೊದಲ ಪಂದ್ಯ ಕಳೆದು ಐವತ್ತು ವರ್ಷಗಳಾದ ಮೇಲೆ. ಇದಕ್ಕೆ ಕೆಸರಾಗಲೀ ದೇಹಶಕ್ತಿಯಾಗಲೀ ಕಾರಣವಲ್ಲ. ಕಾರಣ ಸಭೆಗಳಲ್ಲಿ ಕುಳಿತವರ ಮನಸ್ಸಿನಲ್ಲಿತ್ತು. ಆ ಮೊದಲ ಮಹಿಳಾ ಪಂದ್ಯವನ್ನು ಜರ್ಮನಿಯ ಹಾಂಕಾ ಕುಪ್ಫರ್‌ನಾಗಲ್ ಗೆದ್ದರು; ಬೆಳ್ಳಿ ಪದಕ ಪಡೆದ ಲೂಯೀಸ್ ರಾಬಿನ್ಸನ್ ನಮ್ಮ ಯಾರ್ಕ್‌ಶೈರಿನ ಮನೆತನದವರು. ಅವರ ತಂದೆ ಬ್ರಯನ್ ರಾಬಿನ್ಸನ್ 1955ರಲ್ಲಿ ಟೂರ್ ದ ಫ್ರಾನ್ಸನ್ನು ಪೂರ್ಣಗೊಳಿಸಿದ ಮೊದಲ ಬ್ರಿಟಿಷರ ಸಾಲಿನವರು.

'ಹವ್ಯಾಸಿ' ಎಂಬ ಮಾತಿನ ಕಥೆ ಇಲ್ಲಿ ಬರಬೇಕು. 1967ರಿಂದ 1993ರವರೆಗೆ ವಿಶ್ವ ಪಂದ್ಯದಲ್ಲಿ ವೃತ್ತಿಪರರಿಗೂ ಹವ್ಯಾಸಿಗಳಿಗೂ ಬೇರೆ ಬೇರೆ ಸ್ಪರ್ಧೆಗಳಿದ್ದವು. 1992ರಲ್ಲಿ ನಮ್ಮ ಲೀಡ್ಸ್ ನಗರದ ರೌಂಡ್‌ಹೇ ಉದ್ಯಾನದಲ್ಲಿ ವಿಶ್ವ ಪಂದ್ಯ ನಡೆದಾಗ, ವೃತ್ತಿಪರರಲ್ಲಿ ಜರ್ಮನಿಯ ಮೈಕ್ ಕ್ಲೂಗೆ, ಹವ್ಯಾಸಿಗಳಲ್ಲಿ ಇಟಲಿಯ ದಾನಿಯೇಲೆ ಪೊಂತೋನಿ, ಕಿರಿಯರಲ್ಲಿ ಇಂಗ್ಲೆಂಡಿನ ರಾಜರ್ ಹ್ಯಾಮಂಡ್ ಗೆದ್ದರು. ನಮ್ಮಲ್ಲಿ ಎಷ್ಟೋ ಮಂದಿ ದೀಪಾವಳಿಯ ನಂತರದ ಭಾನುವಾರ ಮಕ್ಕಳನ್ನು ಆಡಿಸಲು ಹೋಗುವ ಹುಲ್ಲುಹಾಸು ಅದೇ! ಆಮೇಲೆ ಆ ವಿಭಜನೆ ಹೋಯಿತು. ಕನ್ನಡದಲ್ಲಿ ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ ಎಂಬ ಭೇದವನ್ನು ಬಲ್ಲ ನಮಗೆ ಒಂದು ವಿಷಯ ಸುಲಭವಾಗಿ ಅರ್ಥವಾಗುತ್ತದೆ: ಹವ್ಯಾಸಿ ಎಂದರೆ ಕಡಿಮೆ ದರ್ಜೆಯವನೆಂದಲ್ಲ, ಪರದೆ ಎಳೆಯುವವನೂ ಪಾತ್ರಧಾರಿಯೂ ಕುರ್ಚಿ ಜೋಡಿಸುವವನೂ ಒಬ್ಬನೇ ಎಂದು.

ಇದರ ಅತ್ಯುತ್ತಮ ನಿದರ್ಶನ ನಮ್ಮ ಮನೆಗಳಿಂದ ಒಂದೆರಡು ಗಂಟೆಯ ಪ್ರಯಾಣದ ದೂರದಲ್ಲಿದೆ. ಯಾರ್ಕ್‌ಶೈರ್ ಡೇಲ್ಸ್‌ನ ಇಂಗಲ್‌ಬರೋ, ವೆರ್ನ್‌ಸೈಡ್, ಪೆನಿಗೆಂಟ್ ಎಂಬ ಮೂರು ಬೆಟ್ಟಗಳನ್ನು ನಮ್ಮಲ್ಲಿ ಅನೇಕರು ಹತ್ತಿದ್ದೇವೆ. ಅತಿ ಎತ್ತರದ ವೆರ್ನ್‌ಸೈಡ್ 736 ಮೀಟರ್. ನಂದಿಬೆಟ್ಟದ ಸುಮಾರು ಅರ್ಧ. ಅಂಕಿ ನೋಡಿ ಹಗುರವಾಗಿ ಎಣಿಸಿ, ಬೂಟು ಕೂಡ ಸರಿಯಿಲ್ಲದೆ ಹೋಗಿ, ಜೌಗುನೆಲದಲ್ಲಿ ಮೊಣಕಾಲಿನವರೆಗೆ ಹೂತುಹೋದವರು ನಮ್ಮ ಸಂಘದಲ್ಲೇ ಇದ್ದಾರೆ. 1959ರಲ್ಲಿ ಸ್ಕಿಪ್ಟನ್ ಪಟ್ಟಣದ ಒಬ್ಬ ಶಾಲಾ ಬಾಲಕ ಈ ಮೂರನ್ನೂ ಸೈಕಲ್ಲಿನೊಡನೆ ಸುತ್ತಿ ಬಂದನು. ಸುದ್ದಿ ಸೈಕಲ್ ಕೂಟಗಳಿಗೆ ಮುಟ್ಟಿತು. 1961ರಲ್ಲಿ ಮೊದಲ ಪಂದ್ಯ ನಡೆಯಿತು.

ಅದನ್ನು ಗೆದ್ದವರು ಬ್ರ್ಯಾಡ್‌ಫರ್ಡಿನ ಜಾನ್ ರಾನ್ಸ್ಲಿ. ಗೆದ್ದು ಸುಮ್ಮನಾಗದೆ ಅದರ ಸಂಘಟನೆಯನ್ನೂ ಹೊತ್ತು, 2012ರ ಐವತ್ತನೆಯ ಪಂದ್ಯದವರೆಗೆ ನಡೆಸಿಕೊಂಡು ಬಂದರು. ಸುಮಾರು 61 ಕಿಲೋಮೀಟರ್ ದಾರಿ, 1,500 ಮೀಟರ್ ಮೀರಿದ ಏರು, ಅದರಲ್ಲಿ ಸವಾರಿಗೇ ಒಗ್ಗದ ನೆಲ ಬಹಳ. ಬಾಗಿದ ಹಿಡಿಕೆಯ ಸೈಕ್ಲೋಕ್ರಾಸ್ ಸೈಕಲ್ಲೇ ಬೇಕು. ಬೆಟ್ಟದ ಸೈಕಲ್‌ಗಳಿಗೆ ಪ್ರವೇಶವಿಲ್ಲ. ಪ್ರತಿಯೊಬ್ಬ ಸವಾರನೂ ಸೀಟಿಯನ್ನೂ, ಚಳಿಯಿಂದ ಕಾಪಾಡುವ ಹೊದಿಕೆ ಚೀಲವನ್ನೂ ಒಯ್ಯಲೇಬೇಕು. ಬೆವರಿನಿಂದ ತೊಯ್ದ ದೇಹ ಗಾಳಿಯ ಶಿಖರದಲ್ಲಿ ನಿಂತರೆ ಎಷ್ಟು ಬೇಗ ತಣ್ಣಗಾಗುತ್ತದೆಂದು ಬಲ್ಲ ನನಗೆ, ನಿಯಮಾವಳಿಯಲ್ಲೆಲ್ಲ ಇದೇ ಅತ್ಯಂತ ವಿವೇಕದ ಸಾಲು ಎನಿಸುತ್ತದೆ.

ಈ ಪಂದ್ಯ ನಿಂತಿರುವುದು ಬೇರೊಂದು ನಾಜೂಕಾದ ದಾರದ ಮೇಲೆ. ಇಂಗ್ಲೆಂಡಿನಲ್ಲಿ 1968ರ ಗ್ರಾಮೀಣ ಪ್ರದೇಶ ಕಾಯಿದೆ ಸೈಕಲ್ಲಿಗೆ ಕುದುರೆದಾರಿಗಳಲ್ಲಿ ಸಂಚರಿಸುವ ಹಕ್ಕು ಕೊಟ್ಟಿತು, ಕಾಲುದಾರಿಗಳಲ್ಲಿ ಅಲ್ಲ. ಇಂಗಲ್‌ಬರೋ ಏರುವ ಮೊದಲು ಬರುವ ಸೈಮನ್ ಫೆಲ್ ಎಂಬ ಗೋಡೆಯಂಥ ಇಳಿಜಾರು ಖಾಸಗಿ ಮೇವುಗಾವಲು. ಪಂದ್ಯದ ದಿನಕ್ಕೆ ಮಾತ್ರ ಅನುಮತಿ ದೊರೆಯುತ್ತದೆ. ಅಂದರೆ ಕುರಿ ಸಾಕುವ ರೈತರ ಸೌಜನ್ಯವಿಲ್ಲದಿದ್ದರೆ ಈ ಚರಿತ್ರೆಯೇ ಇಲ್ಲ. 2001ರಲ್ಲಿ ಕಾಲುಬಾಯಿ ರೋಗ ಹಬ್ಬಿ ಹೊಲಬೆಟ್ಟಗಳ ದಾರಿಗಳೆಲ್ಲ ಮುಚ್ಚಿದ ವರ್ಷ ಪಂದ್ಯ ನಡೆಯಲಿಲ್ಲ. ಲಕ್ಷಾಂತರ ಪಶುಗಳನ್ನು ಕೊಂದು ಸುಟ್ಟ ಆ ವರ್ಷದಲ್ಲಿ ಸೈಕಲ್ ಪಂದ್ಯ ನಿಂತದ್ದು ಸಣ್ಣ ನಷ್ಟವೇ ಸರಿ. ಆದರೆ ಮರುವರ್ಷ ಅದೇ ರೈತರ ಬಾಗಿಲಿಗೆ ಹೋಗಿ ಮತ್ತೆ ಅನುಮತಿ ಕೇಳುವುದು ಕಾಯಿದೆಯ ಕೆಲಸವಲ್ಲ. ದಶಕಗಳ ಪರಿಚಯದ ಕೆಲಸ. ಒಬ್ಬರು ಐವತ್ತು ಪಂದ್ಯ ನಡೆಸಿದರು ಎಂಬುದನ್ನು ನಾನು ಮೆಚ್ಚುವುದು ಅವರ ಶ್ರಮಕ್ಕಾಗಿ ಮಾತ್ರವಲ್ಲ. ಆ ಪರಿಚಯಗಳ ಸಮೇತ ಹೊಣೆಯನ್ನು ಮುಂದಿನವರ ಕೈಗೆ ದಾಟಿಸಿದರಲ್ಲ, ಅದಕ್ಕಾಗಿ. ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿ ಸ್ಥಾನಕ್ಕೆ ಹೆಸರು ಕೇಳಿದಾಗ ಎಲ್ಲರೂ ಚಾವಣಿ ನೋಡುವುದನ್ನು ಬಲ್ಲವರಿಗೆ ಇದು ಎಷ್ಟು ಕಷ್ಟದ ಕೆಲಸವೆಂದು ವಿವರಿಸಬೇಕಾಗಿಲ್ಲ.

ಈಗ ಮಕ್ಕಳ ವಿಷಯ. ನಾನು ಮೂರು ಚಳಿಗಾಲಗಳಿಂದ ಊರಿನ ಸೈಕ್ಲೋಕ್ರಾಸ್ ಪಂದ್ಯದಲ್ಲಿ ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ಸೇವೆ ಮಾಡುತ್ತಿದ್ದೇನೆ. ಬೆಳಿಗ್ಗೆ ಚಿಕ್ಕ ಮಕ್ಕಳು, ನಂತರ ಕಿಶೋರರು, ಮಧ್ಯಾಹ್ನ ಮಹಿಳೆಯರು ಹಾಗೂ ನಲವತ್ತು ದಾಟಿದವರು, ಕೊನೆಗೆ ಯುವಕರು. ನೆಲ ಆ ಹೊತ್ತಿಗೆ ಗೊಬ್ಬರದ ಗುಂಡಿಯಂತಾಗಿರುತ್ತದೆ. ನನ್ನ ಬಳಿ ಬರುವ ಗಾಯಗಳು ಬಹುಪಾಲು ತರಚು, ಉಳುಕು, ಕಣ್ಣಿಗೆ ಸಿಡಿದ ಮಣ್ಣು. ವೇಗ ಕಡಿಮೆ, ನೆಲ ಮೆದು, ಎದುರಿಗೆ ಮೋಟಾರು ವಾಹನಗಳಿಲ್ಲ. ರಸ್ತೆಯ ಸೈಕಲ್ಲಿಗಿಂತ ಇದು ನನ್ನ ಮನಸ್ಸಿಗೆ ನೆಮ್ಮದಿಯ ಆಟ. ಅಪಾಯವೇ ಇಲ್ಲವೆನ್ನಲಾರೆ. ಹೋದ ನವೆಂಬರಿನಲ್ಲಿ ಐವತ್ತರ ಆಸುಪಾಸಿನ ಒಬ್ಬರು ಹಲಗೆಯ ಬಳಿ ಮುಗ್ಗರಿಸಿ ಕೊರಳೆಲುಬು ಮುರಿದುಕೊಂಡರು. ತೋಳನ್ನು ಜೋಲಿಗೆ ಕಟ್ಟುತ್ತಿದ್ದಾಗ ಅವರು ವಿಚಾರಿಸಿದ್ದು ತಮ್ಮ ಸ್ಥಾನ ಎಷ್ಟನೆಯದೆಂದು. ನಲವತ್ತು ದಾಟಿದ ನಮ್ಮವರಿಗೆ ನನ್ನ ಎಚ್ಚರಿಕೆ ಬೇರೆ: ಇಲ್ಲಿ ಮೊದಲ ನಿಮಿಷದಿಂದಲೇ ಹೃದಯ ತನ್ನ ಮಿತಿಯ ಸಮೀಪದಲ್ಲಿ ಬಡಿಯುತ್ತದೆ. ಮಧುಮೇಹ, ರಕ್ತದೊತ್ತಡ, ಮನೆತನದಲ್ಲಿ ಹೃದ್ರೋಗ ಇರುವವರು ಪರೀಕ್ಷೆ ಮಾಡಿಸಿಕೊಳ್ಳದೆ ಗೆರೆಯ ಮುಂದೆ ನಿಲ್ಲಬಾರದು. ದಕ್ಷಿಣ ಏಷ್ಯಾ ಮೂಲದ ನಮಗೆ ಈ ಮಾತು ಎರಡು ಪಟ್ಟು ಅನ್ವಯಿಸುತ್ತದೆ.

ಮಕ್ಕಳಿಗೆ ಹಿತವಾಗುವ ಒಂದು ನಿಯಮ ಈ ಆಟದಲ್ಲಿದೆ. ಮುಂದಿನವನು ಗುರಿ ಮುಟ್ಟಿದೊಡನೆ, ಉಳಿದವರು ತಾವಿರುವ ಸುತ್ತನ್ನು ಮುಗಿಸಿದರೆ ಸಾಕು. ದೊಡ್ಡ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬಹಳ ಹಿಂದುಳಿದವರನ್ನು ನಡುವೆಯೇ ಹೊರಗೆ ಕರೆಯುತ್ತಾರೆ. ನಮ್ಮ ಊರಿನ ಪಂದ್ಯದಲ್ಲಿ ಹಾಗಿಲ್ಲ. ಎರಡು ಸುತ್ತು ಹಿಂದುಳಿದ ಹುಡುಗಿಯೂ ಗೆದ್ದವಳ ಬೆನ್ನಿಗೇ ಬಂದು ಮುಗಿಸುತ್ತಾಳೆ, ಚಪ್ಪಾಳೆ ಇನ್ನೂ ನಿಂತಿರುವುದಿಲ್ಲ. ಅಂಕಗಳ ಓಟದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಮನೆಗಳಲ್ಲಿ ಈ ವ್ಯವಸ್ಥೆಯ ಬಗ್ಗೆ ಒಮ್ಮೆ ಮಾತಾಡಿಕೊಳ್ಳಬಹುದು.

ಹಾಗಾದರೆ ಕಳಿಸಬಹುದೇ? ಕಳಿಸಿ. ಹೊಸ ಸೈಕಲ್ ಕೊಳ್ಳುವ ಅವಸರ ಬೇಡ. ಚಿಕ್ಕವರ ಪಂದ್ಯಕ್ಕೆ ಮನೆಯಲ್ಲಿರುವ, ಬ್ರೇಕ್ ಸರಿಯಾಗಿರುವ ಯಾವ ಗಟ್ಟಿ ಸೈಕಲ್ಲಾದರೂ ನಡೆಯುತ್ತದೆ. ಶಿರಸ್ತ್ರಾಣ, ಎರಡು ಜೊತೆ ಬಟ್ಟೆ, ಕೈಗವಸು, ಕಾರಿನ ಆಸನಕ್ಕೆ ಹಾಸಲು ಹಳೆಯ ಜಮಖಾನೆ, ಬಿಸಿ ಸಾರಿನ ಥರ್ಮಾಸ್ ಇರಲಿ. ಕಳಿಸಿ ಕಾರಿನಲ್ಲೇ ಕುಳಿತಿರಬೇಡಿ. ತಿರುವುಗಳಲ್ಲಿ ನಿಲ್ಲುವವರು, ಗೂಟ ಬಡಿದು ಪಟ್ಟಿ ಕಟ್ಟುವವರು, ಸುತ್ತು ಎಣಿಸುವವರು ಎಲ್ಲರೂ ಸ್ವಯಂಸೇವಕರೇ, ಮತ್ತು ಪ್ರತಿ ವಾರವೂ ಒಬ್ಬಿಬ್ಬರು ಕಡಿಮೆ ಬೀಳುತ್ತಾರೆ. ಗೂಟಗಳನ್ನು ಬಡಿಯುವ ಕೆಲಸ ಬೆಳಿಗ್ಗೆ ಏಳು ಗಂಟೆಗೆ ಆರಂಭವಾಗುತ್ತದೆ. ಸುತ್ತಿಗೆ ಅಲ್ಲೇ ಕೊಡುತ್ತಾರೆ.