ಹತ್ತರ ತಂತಿ, ಹನ್ನೆರಡರ ತಂತಿ: ಬೆರಳು ನೋಯುವುದರ ಹಿಂದಿನ ಚರಿತ್ರೆ

ಘಾಟ್ಕೋಪರ್‌ನಿಂದ ಅಂಧೇರಿ ಕಡೆಗೆ ಹೋಗೋ ಮೆಟ್ರೊದ ನೂಕುನುಗ್ಗಲಲ್ಲಿ ವಿಡಿಯೊ ನೋಡೋಕಾಗದೆ ಓದೋರಿಗಾಗಿ, ಈ ವಾರದ ಮಾತಿನ ಬರಹ ರೂಪ ಇಲ್ಲಿದೆ.

ನಮ್ಮಂಥ ಐಟಿ ಮಂದಿಯ ಬಾಡಿಗೆ ಮನೆಗಳಲ್ಲಿ ಒಂದು ವಸ್ತು ಆಗಾಗ ಕಣ್ಣಿಗೆ ಬೀಳುತ್ತೆ: ಮೂಲೆಗೆ ಒರಗಿಸಿಟ್ಟ ಗಿಟಾರ್. ಮೊದಲ ಬೋನಸ್‌ನಲ್ಲೋ ಲಾಕ್‌ಡೌನ್‌ನಲ್ಲೋ ತಗೊಂಡಿದ್ದು. ಎರಡು ವಾರ ನುಡಿಸಿ, ಬೆರಳ ತುದಿ ಉರಿದು, "ಇದು ನಮ್ಮಂಥವರಿಗಲ್ಲ ಬಿಡು" ಅಂತ ಕೈಬಿಟ್ಟಿದ್ದು. ಊರು ಬಿಟ್ಟು ಬಂದವನಿಗೆ ಸಂಜೆ ಹೊತ್ತು ಜೊತೆಯಾಗಬೇಕಿದ್ದ ವಾದ್ಯ ಹೀಗೆ ಧೂಳು ಹಿಡಿಯೋದಕ್ಕೆ ಬೆರಳು ಕಾರಣವಾ, ತಂತಿ ಕಾರಣವಾ? ಈ ಪ್ರಶ್ನೆ ಅರವತ್ತು ವರ್ಷ ಹಳೆಯದು. ಉತ್ತರವೂ ಅಷ್ಟೇ ಹಳೆಯದು.

ಮೊದಲು ಸ್ವಲ್ಪ ಹಿಂದೆ ಹೋಗೋಣ. ಗಿಟಾರ್ ತಂತಿ ಮೂಲದಲ್ಲಿ ಲೋಹದ್ದಲ್ಲ. ಕುರಿಯ ಕರುಳನ್ನು ಹೊಸೆದು ಮಾಡ್ತಿದ್ದರು. ದಪ್ಪ ಸ್ವರಗಳಿಗೆ ರೇಷ್ಮೆ ಎಳೆಯ ಮೇಲೆ ಲೋಹ ಸುತ್ತುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಗಾಯ ಹೊಲಿಯಲು ಕರುಳಿನ ದಾರ ಬೇಕಾಯ್ತು, ಸಂಗೀತಗಾರರಿಗೆ ತಂತಿ ಸಿಗದಾಯ್ತು. ಆಗ ನ್ಯೂಯಾರ್ಕ್‌ನ ಆಲ್ಬರ್ಟ್ ಅಗಸ್ಟಿನ್ ಡ್ಯುಪಾಂಟ್ ಕಂಪನಿಯ ನೈಲಾನ್ ಎಳೆಯಿಂದ ತಂತಿ ಮಾಡಿದರು. ಮಹಾನ್ ವಾದಕ ಆಂದ್ರೆಸ್ ಸೆಗೋವಿಯಾ ಒಪ್ಪಿದರು. ಇವತ್ತಿನ ಕ್ಲಾಸಿಕಲ್ ಗಿಟಾರ್‌ನ ನೈಲಾನ್ ತಂತಿ ಬಂದಿದ್ದು ಹೀಗೆ.

ಉಕ್ಕಿನದು ಬೇರೆ ದಾರಿ. ಬ್ಯಾಂಜೊ ಮತ್ತು ಹವಾಯಿಯನ್ ಸಂಗೀತದ ಅಲೆಯಲ್ಲಿ ಜನರಿಗೆ ಜೋರು ದನಿ ಬೇಕಾಯ್ತು. 1920ರ ದಶಕದಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಉಕ್ಕಿನ ತಂತಿಯ ಎಳೆತ ತಡೆಯುವಂತೆ ಗಿಟಾರ್‌ಗಳನ್ನು ಗಟ್ಟಿಗೊಳಿಸಿತು. ಮೈಕ್, ಆಂಪ್ಲಿಫೈಯರ್ ಎಲ್ಲ ಕಡೆ ಇಲ್ಲದ ಕಾಲ. ದಪ್ಪ ತಂತಿ ಅಂದ್ರೆ ದೊಡ್ಡ ದನಿ. ಆ ಕಾಲದ ಅನಿವಾರ್ಯತೆ ಮುಂದೆ ರೂಢಿಯಾಗಿ ಉಳೀತು.

ಇಲ್ಲಿ ನಮ್ಮ ಕಥಾನಾಯಕ ಬರ್ತಾನೆ. ಕ್ಯಾಲಿಫೋರ್ನಿಯಾದಲ್ಲಿ ಗಿಟಾರ್ ಅಂಗಡಿ ಇಟ್ಟಿದ್ದ ಎರ್ನಿ ಬಾಲ್. ಪಾಠಕ್ಕೆ ಬರೋ ಹೊಸಬರು ಆಗಿನ ಜನಪ್ರಿಯ ತಂತಿ ಸೆಟ್‌ನ ಮೂರನೇ ತಂತಿ ಒತ್ತಲಾಗದೆ ಒದ್ದಾಡೋದನ್ನ ಗಮನಿಸಿದ. ಅದರ ಗೇಜ್ 29, ಅಂದ್ರೆ ಇಂಚಿನ ಸಾವಿರದಲ್ಲಿ 29 ಭಾಗ. 24ರದ್ದು ಹಾಕಿ ಅಂತ ಫೆಂಡರ್ ಕಂಪನಿಯನ್ನು ಕೇಳಿದ, ಅವರು ಒಪ್ಪಲಿಲ್ಲ. ತಾನೇ ಬೇರೆ ಕಡೆ ಮಾಡಿಸಿ ಮಾರಿದ. ಮುಂದೆ ಹತ್ತರಿಂದ ಶುರುವಾಗೋ ತೆಳು ಸೆಟ್‌ಗಳನ್ನೂ ತಂದ. 1962ರಲ್ಲಿ ಹುಟ್ಟಿದ ಆ ಸ್ಲಿಂಕಿ ತಂತಿಗಳನ್ನ ಹೊಸಬರಷ್ಟೇ ಅಲ್ಲ, ದೊಡ್ಡ ರಾಕ್ ವಾದಕರೂ ಹಾಕಿಕೊಂಡರು. ನೋಡಿ, ಕಲಿಯೋನ ಬೆರಳು ನೋವೇ ಇಡೀ ಉದ್ಯಮದ ಅಳತೆ ಬದಲಿಸಿತು.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟೊಂದು ಪರಿಣಾಮ ಯಾಕೆ? ಫ್ರಾನ್ಸ್‌ನ ಮೆರ್ಸೆನ್ 1636ರಲ್ಲೇ ಲೆಕ್ಕ ಕೊಟ್ಟಿದ್ದಾನೆ. ಉದ್ದ, ಸ್ವರ ಎರಡೂ ಅದೇ ಇದ್ದರೆ, ಎಳೆತ ತಂತಿಯ ವ್ಯಾಸದ ವರ್ಗದಷ್ಟು ಏರುತ್ತೆ. ಮೊದಲ ತಂತಿ ಹತ್ತರ ಬದಲು ಹನ್ನೆರಡು ಆದ್ರೆ ದಪ್ಪ ಹೆಚ್ಚೋದು 20 ಶೇಕಡ, ಎಳೆತ 44 ಶೇಕಡ! ಹನ್ನೆರಡರ ಅಕೂಸ್ಟಿಕ್ ಸೆಟ್‌ನ ಆರೂ ತಂತಿ ಸೇರಿದ್ರೆ ಸುಮಾರು 70 ಕೆ.ಜಿ. ಎಳೆತ, ಹತ್ತರದ್ದು ಅದಕ್ಕಿಂತ ಕಡಿಮೆ. ತಮಾಷೆ ಅಂದ್ರೆ, ಆ ಹನ್ನೆರಡರ ಪ್ಯಾಕೆಟ್ ಮೇಲೆ 'ಲೈಟ್' ಅಂತಲೇ ಬರೆದಿರುತ್ತೆ.

ಮುಂಬೈಯಲ್ಲಿ ತಂತಿ ಹುಡುಕೋರಿಗೆ ಹಳೇ ವಿಳಾಸ ಧೋಬಿ ತಲಾವ್. 1865ರಿಂದ ನಡೆದು ಬಂದ ಫುರ್ಟಾಡೋಸ್ ಅಂಗಡಿ ಅಲ್ಲಿನ ಜೇರ್ ಮಹಲ್‌ನಲ್ಲಿದೆ. ಅದೇ ಸುತ್ತಲಿನ ಕೂಡ್‌ಗಳಲ್ಲಿ, ಅಂದ್ರೆ ಊರಿಗೊಂದರಂತೆ ಗೋವನ್ನರು ಕಟ್ಟಿಕೊಂಡ ವಸತಿಗಳಲ್ಲಿ, ಕೆಲಸ ಹುಡುಕಿ ಬಂದವರು ತಂಗ್ತಿದ್ದರು. ಹಿಂದಿ ಸಿನಿಮಾ ವಾದ್ಯವೃಂದಗಳನ್ನು ತುಂಬಿದವರಲ್ಲಿ ಗೋವನ್ ಸಂಗೀತಗಾರರು ಬಹಳ ಮಂದಿ. ಅವರೂ ನಮ್ಮ ಹಾಗೆ ವಲಸಿಗರೇ. ಘಾಟ್ಕೋಪರ್‌ನಿಂದ ಸೆಂಟ್ರಲ್ ಲೈನ್ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದರೆ ಅಲ್ಲಿಗೆ ನಡೆಯೋ ದೂರ.

ಅಂಗಡಿಯಲ್ಲಿ ಏನು ಕೇಳಬೇಕು? ಅಕೂಸ್ಟಿಕ್ ಆದ್ರೆ ಹತ್ತು ಅಥವಾ ಹನ್ನೊಂದರ ಬ್ರಾಂಜ್ ಸೆಟ್, ಎಲೆಕ್ಟ್ರಿಕ್ ಆದ್ರೆ ಒಂಬತ್ತು ಅಥವಾ ಹತ್ತು. ದನಿ ಸ್ವಲ್ಪ ತೆಳುವಾಗುತ್ತೆ, ಆದ್ರೆ ಮೂರನೇ ವಾರಕ್ಕೂ ನುಡಿಸ್ತಾ ಇರ್ತೀರಿ. ಬೆರಳು ಗಟ್ಟಿಯಾದ ಮೇಲೆ ಹನ್ನೆರಡಕ್ಕೆ ಏರಿ. ಕ್ಲಾಸಿಕಲ್ ಗಿಟಾರ್‌ಗೆ ಮಾತ್ರ ಉಕ್ಕು ಬೇಡವೇ ಬೇಡ. ಅದರ ಮೈ ಕಟ್ಟಿರೋದು ಸುಮಾರು 40 ಕೆ.ಜಿ. ಎಳೆತಕ್ಕೆ, ಬ್ರಿಡ್ಜ್ ಕಿತ್ತು ಬರಬಹುದು. ತಂತಿ ಬದಲಿಸಿಯೂ ಒತ್ತೋಕೆ ಕಷ್ಟ ಅನಿಸಿದ್ರೆ, ತಂತಿ ಫ್ರೆಟ್‌ನಿಂದ ತೀರಾ ಎತ್ತರದಲ್ಲಿದೆ ಅಂತ ಅರ್ಥ. ರಿಪೇರಿಯವರ ಹತ್ತಿರ ತಗ್ಗಿಸಿಕೊಳ್ಳಿ.

ಬದಲಿಸುವಾಗ ಒಂದೊಂದಾಗಿ ಬದಲಿಸಿ. ಬಿರಡೆ ತಿರುಗಿಸಿ ಪೂರ್ತಿ ಸಡಿಲ ಮಾಡಿದ ಮೇಲೇ ಬಿಚ್ಚಿ, ಬಿಗಿಯಿದ್ದಾಗ ಕತ್ತರಿಸಬೇಡಿ. ಹೊಸ ತಂತಿಗೆ ಬಿರಡೆ ಮೇಲೆ ಎರಡು ಮೂರು ಸುತ್ತು ಸಾಕು. ಮೊದಲ ಒಂದೆರಡು ದಿನ ಶ್ರುತಿ ಇಳೀತಾ ಇರುತ್ತೆ, ತಂತಿ ಹಿಗ್ಗೋವರೆಗೆ ಅಷ್ಟೇ. ಇಲ್ಲಿನ ಉಪ್ಪುಗಾಳಿ, ಮಳೆಗಾಲದ ತೇವಕ್ಕೆ ತಂತಿ ಬೇಗ ತುಕ್ಕು ಹಿಡಿಯುತ್ತೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ.

ಮನೆಯಲ್ಲಿ ವೀಣೆ ನೋಡಿದವರಿಗೆ ಇದು ಹೊಸದೇನಲ್ಲ. ಸಾರಣಿ ತೆಳು, ಅನುಮಂದ್ರ ದಪ್ಪ, ಸವೆದದ್ದನ್ನು ಬದಲಿಸಲೇಬೇಕು ಅಂತ ಅಜ್ಜಿಯಂದಿರಿಗೂ ಗೊತ್ತಿತ್ತು. ರೈಲಲ್ಲಿ ಹುಬ್ಬಳ್ಳಿ ಕಡೆ ಹೋಗುವಾಗ ಸಿಗೋ ಮೀರಜ್‌ನಲ್ಲಿ ಸಿತಾರ್, ತಂಬೂರಿ ಮಾಡೋ ಮನೆತನಗಳು ತಲೆಮಾರುಗಳಿಂದ ಇವೆ. ತಂತಿಯನ್ನು ಕೈಗೆ ಹೊಂದಿಸಿಕೊಳ್ಳೋದು ನಮ್ಮಲ್ಲಿ ಹಳೇ ವಿದ್ಯೆ. ಈ ಶನಿವಾರ ಆ ಗಿಟಾರ್‌ನ ಧೂಳು ಒರೆಸಿ, ತಂತಿಯ ಗೇಜ್ ಎಷ್ಟು ಅಂತ ನೋಡಿ. ಮತ್ತೆ ಸಿಗೋಣ.